ಗೋಡೆಯ ಮೇಲೆ ಮಲಗಿದ್ದ ಅಪ್ಪಂದಿರು

ಮೊನ್ನೆ ಸವಳಂಗ ರಸ್ತೆಯ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಯಾರೋ ತಗಡಿನ ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿದ್ದರು. ಈಗ ಯಾರು ಸುಣ್ಣ ಬಳಿಯುತ್ತಾರೆ? ಡಬ್ಬಿಯ ಮುಚ್ಚಳ ತೆಗೆದು ಬ್ರಶ್ ಅದ್ದಿದರೆ ಮುಗಿಯಿತು. ಇವರದು ಹಳೇ ಗೋಡೆ, ಪೇಂಟು ಹಿಡಿಯುವುದಿಲ್ಲವಂತೆ. ನೀರು ಬಿದ್ದ ಸುಣ್ಣದ ಕಲ್ಲು ಕೊತಕೊತನೆ ಕುದಿದು, ಬೆಚ್ಚಗೆ, ಮೂಗಿನೊಳಗೆ ಸ್ವಲ್ಪ ಚುರುಗುಡುವ ಆ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಒಗ್ಗರಣೆ ಸೌಟು ಹಿಡಿದು ನಿಂತಿದ್ದವಳು ಹಾಗೇ ನಿಂತುಬಿಟ್ಟೆ. ಸಾಸಿವೆ ಸೀದು ಕರಕಲಾಯಿತು. ಒಳಗಿನಿಂದ ನನ್ನ ಗಂಡ ಏನಾಯ್ತು ಎಂದು ಕೇಳಿದರೆ ಏನಿಲ್ಲ ಎಂದೆ. ಏನಿಲ್ಲ ಎಂದರೆ ಹೇಳಲು ಕೂತರೆ ಅಡುಗೆ ಆಗುವುದಿಲ್ಲ ಎಂದರ್ಥ, ಅದು ಅವರಿಗೂ ಗೊತ್ತು. ಈಗ ಅಡುಗೆ ಮುಗಿದಿದೆ, ನಿಮಗೆ ಹೇಳುತ್ತೇನೆ.

ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮದೊಂದು ಕ್ವಾರ್ಟರ್ಸ್ ಇತ್ತು. ನಮ್ಮದು ಎಂದರೆ ಕಬ್ಬಿಣದ ಕಾರ್ಖಾನೆಯದು. ಅಪ್ಪ ಕುಲುಮೆಯ ಹತ್ತಿರ ಕೆಲಸ ಮಾಡುವಷ್ಟು ಕಾಲ ನಮ್ಮದು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಅದು ಎಂದಾದರೂ ನಮ್ಮದಲ್ಲವಾಗುತ್ತದೆ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ರಸ್ತೆಯುದ್ದಕ್ಕೂ ಒಂದೇ ಅಚ್ಚಿನ ಮನೆಗಳು. ಮುಂದೆ ಒಂದು ಜಗಲಿ, ಒಂದು ನಡುಮನೆ, ಒಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಒಂದು ನುಗ್ಗೆ ಮರ. ಕಣ್ಣು ಕಟ್ಟಿ ಯಾರ ಮನೆಗೆ ಬಿಟ್ಟರೂ ನೀರಿನ ಕೊಡ ಎಲ್ಲಿದೆ ಎಂದು ನಾವು ಹೇಳುತ್ತಿದ್ದೆವು. ಕಾರ್ಖಾನೆಯ ಸೈರನ್ನಿಗೆ ಊರು ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಅಪ್ಪ ಮೊದಲ ಪಾಳಿಗೆ ಹೋಗುವ ವಾರ ನಾನು ಏಳುವ ಮುಂಚೆ ಹೊರಟುಹೋಗುತ್ತಿದ್ದರು, ಬಂದವರು ಪೇಟೆ, ರೇಷನ್ನು ಎಂದು ಮತ್ತೆ ಹೊರಗೆ. ಎರಡನೇ ಪಾಳಿಯ ವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ಅವರಿರುತ್ತಿರಲಿಲ್ಲ, ಅವರು ಬರುವಷ್ಟರಲ್ಲಿ ನನಗೆ ನಿದ್ದೆ. ರಾತ್ರಿ ಪಾಳಿಯ ವಾರ ಮಾತ್ರ ಅಪ್ಪ ಹಗಲಿಡೀ ಮನೆಯಲ್ಲಿರುತ್ತಿದ್ದರು, ಆದರೆ ನಿದ್ದೆ ಮಾಡುತ್ತಾ.

ಆ ನಿದ್ದೆಯನ್ನು ನಾವು ಹೇಗೆ ಕಾಯುತ್ತಿದ್ದೆವು ಎಂಬುದನ್ನು ಈಗಿನವರಿಗೆ ಹೇಳಿದರೆ ನಗುತ್ತಾರೆ. ಅಪ್ಪ ಬೆಳಿಗ್ಗೆ ಬಂದು ಸ್ನಾನ ಮಾಡಿ, ಉಂಡು, ನಡುಮನೆಯಲ್ಲಿ ಚಾಪೆ ಹಾಸಿ, ಒದ್ದೆ ಟವೆಲು ಹಿಂಡಿ ಕಣ್ಣಿನ ಮೇಲೆ ಹಾಕಿಕೊಂಡು ಮಲಗುತ್ತಿದ್ದರು. ಅಮ್ಮ ಕಿಟಕಿಗೆ ಹಳೇ ಕಂಬಳಿ ಕಟ್ಟುತ್ತಿದ್ದಳು. ಆಮೇಲೆ ಹೊರಗೆ ಹೋಗಿ ಗೇಟಿನ ಚಿಲಕಕ್ಕೆ ಹಳೇ ಸೀರೆಯ ಚೂರೊಂದನ್ನು ಸುತ್ತುತ್ತಿದ್ದಳು. ಚಿಲಕ ಸದ್ದು ಮಾಡಬಾರದೆಂದು ಹಾಗೆ ಮಾಡುತ್ತಿದ್ದರೂ, ಅದು ಇಡೀ ನ್ಯೂ ಟೌನಿಗೆ ಗುರುತೂ ಆಗಿತ್ತು. ಚಿಲಕಕ್ಕೆ ಬಟ್ಟೆ ಸುತ್ತಿದ ಮನೆಯ ಮುಂದೆ ಸೊಪ್ಪಿನವಳು ಕೂಗುತ್ತಿರಲಿಲ್ಲ. ತಮಿಳು ಮಾತಾಡುವ ಹೂವಿನ ಅಜ್ಜಿ ಗೇಟಿನ ಹತ್ತಿರ ಬಂದು ಕೈಯಲ್ಲೇ ಮೊಳ ಅಳೆದು ತೋರಿಸಿ ಹೂವು ಕೊಟ್ಟು ಹೋಗುತ್ತಿದ್ದಳು. ಅಮ್ಮ ಕುಕ್ಕರಿನ ಮುಂದೆ ಕಿವಿಯಾನಿಸಿ ನಿಂತು, ಅದು ವಿಸಿಲ್ ಹಾಕಲು ಉಸಿರೆಳೆಯುತ್ತಿದೆ ಅನ್ನುವಾಗಲೇ ಒಲೆಯಿಂದ ಇಳಿಸಿಬಿಡುತ್ತಿದ್ದಳು. ರಜೆಯ ದಿನ ನಾನು ಅಪ್ಪನ ಕಾಲಬುಡದಲ್ಲಿ ಕೂತು ಚೌಕಾಬಾರ ಆಡುತ್ತಿದ್ದೆ, ಕವಡೆ ಸದ್ದು ಮಾಡುತ್ತದೆಂದು ಹುಣಿಸೆಬೀಜ ಇಟ್ಟುಕೊಂಡು. ಪಕ್ಕದ ಮನೆಯ ಸೆಲ್ವಿ ನನ್ನ ಎದುರಾಳಿ. ನಾವಿಬ್ಬರೂ ತುಟಿ ಪಿಟಕ್ಕೆನ್ನದೆ ಜಗಳವಾಡುವುದರಲ್ಲಿ ಪಳಗಿದ್ದೆವು. ಕಣ್ಣು, ಹುಬ್ಬು, ಒಂದು ಚಿವುಟು, ಅಷ್ಟರಲ್ಲೇ ಮೋಸದ ಆಟದ ವಿಚಾರಣೆ ನಡೆದು ತೀರ್ಪೂ ಆಗುತ್ತಿತ್ತು.

ಇಂಥ ಮನೆಗೆ ಬಂದು ಸೇರಿದವಳು ವಿಮಲತ್ತೆ, ಅಪ್ಪನ ತಂಗಿ. ಗಾಜನೂರಿನಲ್ಲಿ ಹೊಳೆಯ ಈಚೆ ದಡದಿಂದ ಆಚೆ ದಡದವರನ್ನು ಕೂಗಿ ಕರೆದು ಬೆಳೆದ ಗಂಟಲು ಅವಳದು. ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಅಪ್ಪ ಅಷ್ಟು ಮೆಲುಮಾತಿನವರು ಹೇಗಾದರೋ ಗೊತ್ತಿಲ್ಲ. ಅತ್ತೆ ಚಿತ್ರಕಲೆಯ ಪರೀಕ್ಷೆ ಪಾಸು ಮಾಡಿ ನಮ್ಮ ರಸ್ತೆಯ ಕೊನೆಯಲ್ಲಿದ್ದ ನಮ್ಮ ಶಾಲೆಗೇ ಡ್ರಾಯಿಂಗ್ ಟೀಚರ್ ಆಗಿ ಸೇರಿದ್ದಳು. ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ವರ್ಷ ಬೇಸಗೆ ಬಂತೆಂದರೆ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಮನೆಯಲ್ಲಿ ಎಲ್ಲರಿಗೂ ಚಿಂತೆ. ಕರೆಯದಿದ್ದರೆ ಅವಳು ಗಾಜನೂರಿಗೆ ಮರಳಬೇಕಿತ್ತು. ಅಲ್ಲಿ ದೊಡ್ಡಪ್ಪ ಗೊತ್ತು ಮಾಡಿಟ್ಟಿದ್ದ ಒಬ್ಬ ಗಂಡು ಕಾಯುತ್ತಿದ್ದ. ಅವನ ಮೀಸೆಯ ಬಗ್ಗೆ ಅತ್ತೆ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಕಾರ್ಖಾನೆಯ ದೊಡ್ಡ ಅಧಿಕಾರಿಯೊಬ್ಬರು ಬರುತ್ತಾರೆ ಎಂದಾಯಿತು. ರಸ್ತೆಯ ಕಡೆಗಿದ್ದ ಶಾಲೆಯ ಉದ್ದನೆಯ ಗೋಡೆ ಪಾಚಿ ಹಿಡಿದು ಕಪ್ಪಾಗಿತ್ತು. ಅದಕ್ಕೆ ಸುಣ್ಣ ಬಳಿಸಿ ಮಕ್ಕಳಿಂದಲೇ ಚಿತ್ರ ಬರೆಸುತ್ತೇನೆ ಎಂದು ಅತ್ತೆ ಹೆಡ್‌ಮಾಷ್ಟ್ರನ್ನು ಒಪ್ಪಿಸಿದಳು. ಹೆಡ್‌ಮಾಷ್ಟ್ರು ದಿನಾ ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದ ಸಂಭಾವಿತರು. ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಮಡಿಸಿದ ಕೊಡೆ. ಗಂಡಸರು ಹತ್ತಕ್ಕೆ ಆಫೀಸಿಗೆ ಹೋಗಿ ಐದೂವರೆಗೆ ಮನೆಗೆ ಬರುವ ಬೀದಿಯವರು. ಅವರು ಕೇಳಿದ್ದು ಒಂದೇ ಮಾತು, ಏನು ಬರೆಸ್ತೀರಿ ಎಂದು. ‘ನಮ್ಮ ಊರು’ ಎಂದಳು ಅತ್ತೆ. ಅದರಲ್ಲಿ ತಪ್ಪು ಹುಡುಕಲು ಅವರಿಗೂ ಏನೂ ಸಿಗಲಿಲ್ಲ.

ಆ ದಿನಗಳ ಸುಖವನ್ನು ಹೇಗೆ ಹೇಳಲಿ. ತೆಂಗಿನ ಸಿಪ್ಪೆಯಿಂದ ಗೋಡೆ ಉಜ್ಜಿದೆವು. ಶಾಲೆಯ ಹಿಂದೆ ಡ್ರಮ್ಮಿನಲ್ಲಿ ಸುಣ್ಣ ಕುದಿಯಿತು, ಅದಕ್ಕೆ ಅತ್ತೆ ಅಂಟು ಬೆರೆಸಿದಳು. ಗೋಡೆ ಬೆಳ್ಳಗಾಗಿ ಒಣಗಿದ ಮೇಲೆ ಕೆಮ್ಮಣ್ಣಿನ ನೀರಿನಲ್ಲಿ ಅದ್ದಿದ ದಾರವನ್ನು ನಾನೂ ಸೆಲ್ವಿಯೂ ಎರಡು ತುದಿಗೆ ಹಿಡಿದು ನಿಲ್ಲುವುದು, ಅತ್ತೆ ನಡುವೆ ಎಳೆದು ಬಿಡುವುದು, ಟಪ್ ಎಂದು ಒಂದು ಕೆಂಪು ಗೆರೆ ಬೀಳುವುದು. ಹಾಗೆ ಗೋಡೆಯ ತುಂಬ ಒಂದೇ ಅಳತೆಯ ಮನೆಗಳು ಎದ್ದವು. ಒಂದೊಂದು ಮನೆ ಒಬ್ಬೊಬ್ಬರಿಗೆ. ಬಣ್ಣಕ್ಕೆ ಕೆಮ್ಮಣ್ಣು, ಬಟ್ಟೆಗೆ ಹಾಕುವ ನೀಲಿ, ಇದ್ದಿಲ ಪುಡಿ, ಅಂಗಡಿಯಿಂದ ತಂದ ಹಸಿರು. ಸೂರ್ಯನಿಗೆಂದು ಎಲ್ಲರೂ ಮನೆಯಿಂದ ಅರಿಶಿನ ತಂದು ಸುಣ್ಣಕ್ಕೆ ಸುರಿದೆವು, ಅದು ಕೆಂಪಗೆ ತಿರುಗಿ ಕೂತಿತು. ಹಬ್ಬಹಬ್ಬಕ್ಕೂ ಆರತಿ ತಟ್ಟೆಗೆ ಅರಿಶಿನ ಸುಣ್ಣ ಕಲಸುವ ಅತ್ತೆಯ ಕೈಗೇ ಅದು ಮರೆತುಹೋಗಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿ, “ಇರ್ಲಿ ಬಿಡ್ರೋ, ನಮ್ಮೂರ ಸೂರ್ಯ ಕುಲುಮೆಯಿಂದ ಎದ್ದು ಬಂದವನು” ಎಂದಳು. ಸೂರ್ಯ ಕೆಂಪಾಗಿಯೇ ಉಳಿದ.

“ನಿಮ್ಮನೆ ಮುಂದಿನ ಗೋಡೆ ತೆಗೆದ್ಬಿಡಿ” ಎಂದಿದ್ದಳು ಅತ್ತೆ. “ಹಗಲು ಹೊತ್ತು ಒಳಗೆ ಏನು ಕಾಣುತ್ತೋ ಅದನ್ನ ಬರೀರಿ. ಪಕ್ಕದವ್ರದ್ದು ನೋಡಿ ಬರೆದ್ರೆ ಕಿವಿ ಹಿಂಡ್ತೀನಿ.” ನಾವು ಯಾರೂ ಪಕ್ಕದವರದು ನೋಡಲಿಲ್ಲ. ನಾನು ನಮ್ಮ ನಡುಮನೆ ಬರೆದೆ. ಚಾಪೆ, ಚಾಪೆಯ ಮೇಲೆ ಅಪ್ಪ, ಅವರ ಕಣ್ಣಿನ ಮೇಲೆ ನೀಲಿ ಟವೆಲು, ಬಾಯಿ ಸ್ವಲ್ಪ ತೆರೆದಿದೆ. ಕಾಲಬುಡದಲ್ಲಿ ಎರಡು ಜಡೆಯ ನಾನು, ಮುಂದೆ ಚೌಕಾಬಾರದ ಮನೆ. ಅಮ್ಮ ಹಿತ್ತಲಲ್ಲಿ ಸಂಡಿಗೆ ಒಣಹಾಕುತ್ತಿದ್ದಾಳೆ. ಎಲ್ಲರೂ ಮುಗಿಸಿದ ದಿನ ಅತ್ತೆ ನಮ್ಮನ್ನು ರಸ್ತೆಯ ಆಚೆ ಬದಿಗೆ ಕರೆದುಕೊಂಡು ಹೋಗಿ ತಿರುಗಿ ನೋಡಿ ಎಂದಳು. ತಿರುಗಿ ನೋಡಿದರೆ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಅಪ್ಪಂದಿರು ಮಲಗಿದ್ದರು. ಅಂಗಾತ ಮಲಗಿದವರು, ಮಗ್ಗುಲಾಗಿ ಮಲಗಿದವರು, ಲುಂಗಿಯನ್ನೇ ತಲೆಯವರೆಗೆ ಹೊದ್ದವರು. ಸೆಲ್ವಿಯ ಅಪ್ಪ ತಲೆದಿಂಬನ್ನು ಮುಖದ ಮೇಲೆ ಹಾಕಿಕೊಂಡಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಹಗಲಲ್ಲಿ ಮನೆಯಲ್ಲಿದ್ದಾರೆ ಎಂದರೆ ಮಲಗಿದ್ದಾರೆ, ಅದನ್ನು ಬಿಟ್ಟು ಬೇರೆ ಹೇಗೆ ಬರೆಯುವುದು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ತಕರಾರು ಎತ್ತಿದವರು ಹೆಡ್‌ಮಾಷ್ಟ್ರು. ಕೊಡೆಯ ತುದಿಯಿಂದ ಒಂದೊಂದೇ ಮನೆಯನ್ನು ತೋರಿಸುತ್ತಾ ಗೋಡೆಯುದ್ದಕ್ಕೂ ನಡೆದು ವಾಪಸು ಬಂದರು. “ಅಲ್ಲ ಮೇಡಂ, ಮೇಲೆ ಇಷ್ಟು ದೊಡ್ಡ ಸೂರ್ಯ, ಕೆಳಗೆ ಗಂಡಸರೆಲ್ಲ ಬಿದ್ಕೊಂಡಿದಾರೆ. ಬರೋರು ಯಾರು, ಕಾರ್ಖಾನೆ ದೊಡ್ಡ ಸಾಹೇಬ್ರು. ಕೆಲಸಗಾರರನ್ನ ಸೋಮಾರಿಗಳು ಅಂತ ಆಡ್ಕೊಂಡಿದಾರೆ ಅನ್ನಲ್ವಾ?” ಅತ್ತೆ ರಾತ್ರಿ ಪಾಳಿಯ ವಿಷಯ ಹೇಳಿದಳು. “ಅದು ನಿಮಗೆ ಗೊತ್ತು, ನನಗೂ ಗೊತ್ತಾಯ್ತು. ಗೋಡೆಗೆ ಬಾಯಿದೆಯಾ ಹೇಳೋಕೆ?” ಎಂದರು. ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ಒಂದು ಉಪಾಯವನ್ನೂ ಹೇಳಿದರು. ಸೂರ್ಯ ಹೇಗೂ ಕೆಟ್ಟು ಕೂತಿದ್ದಾನೆ, ಅವನಿಗೆ ಬಿಳಿ ಬಳಿದು ಚಂದ್ರನನ್ನು ಮಾಡಿಬಿಡಿ, ಮಲಗಿದ್ದು ಸರಿಯಾಗುತ್ತದೆ. ಅದಕ್ಕೆ ಸೆಲ್ವಿ ಹಿಂದಿನಿಂದ, “ಚಂದ್ರ ಬಂದ್ರೆ ಸಂಡಿಗೆ ಒಣಗಲ್ಲ ಸಾರ್” ಎಂದಳು. ನಾವು ನಕ್ಕೆವು, ಅವರು ನಗಲಿಲ್ಲ. ಕೊನೆಗೆ ಅವರ ಮಾತು ಇದಾಯಿತು. ಚಿತ್ರ ಅಳಿಸುವುದು ಬೇಡ, ಕಣ್ಣು ತೆರೆಸಿ ಸಾಕು. ಎಚ್ಚರವಾಗಿ ಮಲಗಿಕೊಂಡಿರಲಿ, ವಿಶ್ರಾಂತಿ ಎಂದು ಹೇಳಿಕೊಳ್ಳಬಹುದು. “ಮುಂದಿನ ವರ್ಷ ನಿಮ್ಮನ್ನ ಇಟ್ಕೊಳ್ಳಿ ಅಂತ ಬರೆಯೋನೂ ನಾನೇ ಮೇಡಂ. ನನ್ನ ಕೈ ಕಟ್ಟಿಹಾಕ್ಬೇಡಿ” ಎಂದು ಹೇಳಿ ಬಸ್ಸು ಹಿಡಿಯಲು ಹೋದರು.

ಆ ಸಂಜೆ ಅಪ್ಪ ರಾತ್ರಿ ಪಾಳಿಗೆ ಹೊರಡುವ ಮೊದಲು ಊಟಕ್ಕೆ ಕೂತಿದ್ದಾಗ ಅತ್ತೆ ಇದನ್ನೆಲ್ಲ ಹೇಳಿದಳು. ಅತ್ತೆಗೆ ಸಿಟ್ಟು ಬಂದರೆ ಧ್ವನಿ ಇನ್ನೂ ಒಂದು ಮನೆ ದಾಟುತ್ತಿತ್ತು. ಅಪ್ಪ ತುತ್ತು ನುಂಗಿ, ನೀರು ಕುಡಿದು, ನಿಧಾನವಾಗಿ ಹೇಳಿದರು. “ಕಣ್ಣು ತಾನೇ, ತೆರೆಸು ವಿಮಲಾ. ಅದಕ್ಕೋಸ್ಕರ ಕೆಲಸ ಕಳ್ಕೊಳ್ತೀಯಾ?”

“ಮಕ್ಕಳು ಕಂಡಿದ್ದನ್ನ ಬರೆದಿದಾವೆ ಅಣ್ಣ. ಸುಳ್ಳು ಮಾಡು ಅಂತ ಯಾವ ಬಾಯಲ್ಲಿ ಹೇಳಲಿ?”

“ಅದಕ್ಕೇ ಹೇಳ್ತಿದೀನಿ” ಎಂದರು ಅಪ್ಪ. ಅವರು ನನ್ನನ್ನು ನೋಡಲಿಲ್ಲ, ತಟ್ಟೆ ನೋಡುತ್ತಿದ್ದರು. “ಈ ಮಗು ನನ್ನನ್ನ ನೋಡಿರೋದೇ ಹೆಣದ ಹಾಗೆ ಬಿದ್ದಿರೋದನ್ನ. ಆಡ್ಸಿಲ್ಲ, ಎತ್ಕೊಂಡು ತಿರುಗಿಲ್ಲ. ಗೋಡೆ ಮೇಲಾದ್ರೂ ಒಂದ್ಸಲ ಎಚ್ಚರ ಇರ್ತೀನಿ. ತೆರೆಸು.” ಅಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಹಿತ್ತಲಿಗೆ ಹೋದಳು. ಅಪ್ಪ ಕೈತೊಳೆದು, ಟಿಫಿನ್ ಡಬ್ಬಿಯನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಹೊರಟರು. ಅಪ್ಪನಿಗೆ ಇಷ್ಟು ದುಃಖ ಇತ್ತೆಂದು ನನಗೆ ಅವತ್ತೇ ಗೊತ್ತಾದದ್ದು. ಉಳಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮರುದಿನ ವಾರ್ಷಿಕೋತ್ಸವ. ಬೆಳಿಗ್ಗೆ ಬೇಗ ಅತ್ತೆ ನಮ್ಮನ್ನೆಲ್ಲ ಗೋಡೆಯ ಮುಂದೆ ನಿಲ್ಲಿಸಿ ಒಂದು ಬಟ್ಟಲಲ್ಲಿ ಇದ್ದಿಲ ಕಪ್ಪು, ಇನ್ನೊಂದರಲ್ಲಿ ಸುಣ್ಣ, ಸಣ್ಣ ಸಣ್ಣ ಬ್ರಶ್ಶು ಇಟ್ಟಳು. ಅವಳ ಕಣ್ಣು ಊದಿತ್ತು. “ಯಾರ್ಯಾರ ಅಪ್ಪನ್ನ ಅವ್ರವ್ರೇ ಎಬ್ಬಿಸಿ” ಎಂದಳು. ನಾವು ಬ್ರಶ್ಶು ತೆಗೆದುಕೊಂಡೆವು. ಗೋಡೆಯ ಹತ್ತಿರ ಹೋದೆವು. ಅಲ್ಲಿಗೆ ನಿಂತೆವು.

ಹಟ ಎಂದು ನೀವು ಅಂದುಕೊಳ್ಳಬೇಡಿ. ಕೈ ಮುಂದೆ ಹೋಗಲಿಲ್ಲ, ಅಷ್ಟೆ. ಹುಟ್ಟಿದಾಗಿನಿಂದ ನಮ್ಮ ಮನೆಗಳಲ್ಲಿ ಏನು ತಪ್ಪು ಮಾಡಿದರೂ ಒಂದು ಗುದ್ದಿನಲ್ಲಿ ಮುಗಿಯುತ್ತಿತ್ತು. ಹಾಲು ಚೆಲ್ಲಿದರೆ, ಬಟ್ಟೆ ಹರಿದರೆ, ಕೊನೆಗೆ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೂ ಸರಿ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ಮನುಷ್ಯನನ್ನು ಎಬ್ಬಿಸುವುದು ಮಾತ್ರ ಆಗದ ಕೆಲಸ. ಕುಲುಮೆಯ ಹತ್ತಿರ ತೂಕಡಿಸಿದವನ ಕಥೆ ಪ್ರತಿ ಮನೆಯಲ್ಲೂ ಮೆಲುದನಿಯಲ್ಲಿ ಹೇಳುತ್ತಿದ್ದರು. ನಾನು ಅಪ್ಪನ ಟವೆಲಿನ ಮುಂದೆ ಬ್ರಶ್ಶು ಹಿಡಿದು ನಿಂತಿದ್ದೆ. ಕಣ್ಣು ತೆರೆಸಬೇಕಾದರೆ ಮೊದಲು ಟವೆಲು ತೆಗೆಯಬೇಕು. ಅಪ್ಪನೇ ತೆರೆಸು ಎಂದಿದ್ದರು, ಆದರೂ ಆಗಲಿಲ್ಲ. ಪಕ್ಕದಲ್ಲಿ ಸೆಲ್ವಿ ಪಿಸುಗುಟ್ಟಿದಳು. “ಮಿಸ್, ನಮ್ಮಪ್ಪ ಈಗ ತಾನೇ ಮಲ್ಕೊಂಡ್ರು ಮಿಸ್. ಇನ್ನೂ ಸ್ವಲ್ಪ ಹೊತ್ತು ಬಿಡಿ.”

ಅತ್ತೆ ಅವಳನ್ನು ನೋಡಿದಳು, ನಮ್ಮನ್ನೆಲ್ಲ ನೋಡಿದಳು. ಆಮೇಲೆ ಎಲ್ಲರ ಕೈಯಿಂದ ಒಂದೊಂದಾಗಿ ಬ್ರಶ್ಶು ತೆಗೆದುಕೊಂಡು ನೀರಿನ ಬಕೆಟ್ಟಿಗೆ ಹಾಕಿದಳು, ಸದ್ದಾಗದ ಹಾಗೆ. “ಮಲಗ್ಲಿ” ಎಂದಳು. ಆ ಗಂಟಲಿನಿಂದ ಅಷ್ಟು ಮೆಲ್ಲನೆ ಒಂದು ಮಾತು ಬಂದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಸಾಹೇಬರು ಬಂದರು. ದಪ್ಪ ಕನ್ನಡಕದ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಹಾರ ತುರಾಯಿ ಮುಗಿದ ಮೇಲೆ ಗೋಡೆ ನೋಡಲು ಕರೆತಂದರು. ಹೆಡ್‌ಮಾಷ್ಟ್ರ ಮುಖ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗಿತ್ತು, ಉಗುಳಲಾರರು, ನುಂಗಲಾರರು. ಹಿಂದೆ ನಮ್ಮ ಅಮ್ಮಂದಿರೆಲ್ಲ ಹೊಸ ಸೀರೆ ಉಟ್ಟು ಗಲಗಲ ಮಾತಾಡುತ್ತಾ ಬರುತ್ತಿದ್ದರು. ಗೋಡೆ ಕಂಡದ್ದೇ ಮಾತು ನಿಂತಿತು. ಮೊದಲು ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಇನ್ನೊಬ್ಬಳು ಅಳುವ ಕೂಸನ್ನು ಭುಜಕ್ಕೆ ಹಾಕಿ ತಟ್ಟತೊಡಗಿದಳು. ಯಾರೂ ಸುಮ್ಮನಿರಿ ಎಂದು ಹೇಳಿರಲಿಲ್ಲ. ವರ್ಷಗಟ್ಟಲೆಯ ರೂಢಿ, ಮಲಗಿದವರನ್ನು ಕಂಡ ತಕ್ಷಣ ಅವರ ದನಿ ತಾನಾಗಿ ಇಳಿದಿತ್ತು. ಆ ಮೌನದಲ್ಲಿ ಸಾಹೇಬರು ಗೋಡೆಯುದ್ದಕ್ಕೂ ನಡೆದು ನಮ್ಮ ಮನೆಯ ಮುಂದೆ ನಿಂತರು. ಅವರೂ ದನಿ ತಗ್ಗಿಸಿಯೇ ಕೇಳಿದರು. “ಎಲ್ರೂ ಒಟ್ಟಿಗೆ ಮಲಗಿಬಿಟ್ರೆ ಕಾರ್ಖಾನೆ ನಡೆಸೋರು ಯಾರಮ್ಮ?”

“ರಾತ್ರಿಯೆಲ್ಲ ನಡೆಸಿ ಬಂದಿದಾರೆ ಸಾರ್” ಎಂದೆ. ನನಗೆ ಭಯ ಎನಿಸಲಿಲ್ಲ, ಇದ್ದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹೌದು, ಹೌದು” ಎಂದು ತಲೆಯಾಡಿಸಿ, ಹೆಡ್‌ಮಾಷ್ಟ್ರ ತೋಳು ಹಿಡಿದು, “ಬನ್ನಿ, ಆ ಕಡೆ ಹೋಗಿ ಮಾತಾಡೋಣ” ಎಂದು ಪಿಸುಮಾತಿನಲ್ಲೇ ಕರೆದುಕೊಂಡು ಹೋದರು. ಆ ಜೂನ್‌ನಲ್ಲಿ ಅತ್ತೆಯನ್ನು ಮತ್ತೆ ಕರೆದರು, ಅದರ ಮುಂದಿನ ಜೂನ್‌ನಲ್ಲಿಯೂ. ಗಾಜನೂರಿನ ಮೀಸೆಯವನು ಬೇರೆ ಹುಡುಗಿಯನ್ನು ನೋಡಿಕೊಂಡ. ಹೆಡ್‌ಮಾಷ್ಟ್ರು ಆಮೇಲೆ ಯಾರೇ ಶಾಲೆಗೆ ಬಂದರೂ ಮೊದಲು ಆ ಗೋಡೆಯ ಹತ್ತಿರ ಕರೆದೊಯ್ದು, ತಾವೇ ಪಾಳಿಯ ಲೆಕ್ಕವನ್ನು ವಿವರಿಸುತ್ತಿದ್ದರು.

ಗೋಡೆಯ ಮೇಲಿದ್ದ ಅಪ್ಪಂದಿರಲ್ಲಿ ಹೆಚ್ಚಿನವರು ಆ ದಿನ ಸಮಾರಂಭಕ್ಕೆ ಬರಲಿಲ್ಲ. ನನ್ನ ಅಪ್ಪ ಮನೆಯಲ್ಲಿ ಮಲಗಿದ್ದರು. ಮಾರನೇ ಬೆಳಿಗ್ಗೆ ಪಾಳಿ ಮುಗಿಸಿ ಬರುವಾಗ ಶಾಲೆಯ ಹತ್ತಿರ ಸಿಗುತ್ತಾರೆಂದು ನಾನು ಓಡಿ ಹೋಗಿ ಗೋಡೆಯ ಮುಂದೆ ಕಾದು ನಿಂತೆ. ಅಪ್ಪ ಸೈಕಲ್ಲಿನಿಂದ ಇಳಿದರು. ಮುಖದ ಮೇಲೆ ಇನ್ನೂ ಮಸಿ ಇತ್ತು. ತಾವು ಹೇಳಿದ ಹಾಗೆ ಕಣ್ಣು ತೆರೆಸಿಲ್ಲ ಎಂಬುದು ಅವರಿಗೆ ದೂರದಿಂದಲೇ ಕಂಡಿರಬೇಕು. ಏನನ್ನುತ್ತಾರೋ ಎಂದು ನನಗೆ ಅಳುಕಾಯಿತು. ಅವರು ತಮ್ಮ ಚಿತ್ರದ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದರು. ತಾನು ನಿದ್ದೆಯಲ್ಲಿ ಹೇಗಿರುತ್ತೇನೆಂದು ಯಾರೂ ಕಂಡಿರುವುದಿಲ್ಲವಲ್ಲ. ಆಮೇಲೆ ಕಾಲಬುಡದಲ್ಲಿದ್ದ ಎರಡು ಜಡೆಯ ಹುಡುಗಿಯ ಮೇಲೆ ಬೆರಳಿಟ್ಟರು.

“ಇದ್ಯಾರು?”

“ನಾನು.”

“ನೀನು ಹೊರಗೆ ಆಡೋಕೆ ಹೋಗ್ತಿರ್ಲಿಲ್ವಾ?”

“ಇಲ್ಲ. ಇಲ್ಲೇ ಕೂತಿರ್ತಿದ್ದೆ. ಸದ್ದು ಮಾಡ್ತಿರ್ಲಿಲ್ಲ ಅಷ್ಟೆ.”

ಅಪ್ಪ ಏಳಲಿಲ್ಲ. ಗೋಡೆಗೆ ಒಂದು ಕೈ ಕೊಟ್ಟು ಹಾಗೇ ಕುಕ್ಕರುಗಾಲಲ್ಲಿ ಕೂತರು. “ನಾನೊಬ್ನೇ ಮಲಗಿರ್ತೀನಿ ಅಂದ್ಕೊಂಡಿದ್ದೆ ಪುಟ್ಟಿ” ಎಂದರು. ಕಣ್ಣೀರು ಮಸಿಯ ನಡುವೆ ದಾರಿ ಮಾಡಿಕೊಂಡು ಇಳಿಯಿತು. ನನ್ನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು, ಆರನೇ ಕ್ಲಾಸಿನ ಅಷ್ಟು ದೊಡ್ಡ ಹುಡುಗಿಯನ್ನು, ಮನೆಗೆ ಕರೆತಂದರು.

ಆ ಮನೆ ಈಗ ಇಲ್ಲ. ಅಪ್ಪ ನಿವೃತ್ತರಾದ ಮೇಲೆ ನಾವು ಶಿವಮೊಗ್ಗಕ್ಕೆ ಬಂದೆವು. ನಮ್ಮ ಸಾಲಿನ ಮನೆಗಳು ಒಂದೊಂದಾಗಿ ಖಾಲಿಯಾದವು, ಹೆಂಚು ಜಾರಿದವು, ಬಾಗಿಲೊಳಗಿಂದ ಗಿಡ ಎದ್ದಿತು. ಸೆಲ್ವಿಯ ಮನೆಯವರು ಸೇಲಂ ಕಡೆಗೆ ಹೋದರು. ಶಾಲೆಯ ಗೋಡೆಗೆ ಯಾರೋ ಗಟ್ಟಿ ಬಣ್ಣ ಬಳಿದರು, ಆಮೇಲೆ ಒಂದು ವರ್ಷ ಗೋಡೆಯೇ ಬಿತ್ತು. ಅತ್ತೆ ಹೇಳಿ ಕಳಿಸಿದ್ದಳು, ನಾನು ನೋಡಲು ಹೋಗಲಿಲ್ಲ. ನಿಮಗೂ ಇಂಥದೊಂದು ಬೀದಿ ಇದ್ದರೆ ನಾನು ಯಾಕೆ ಹೋಗಲಿಲ್ಲವೆಂದು ನೀವು ಕೇಳುವುದಿಲ್ಲ.

ಅಪ್ಪ ತೀರಿಕೊಂಡದ್ದು ಒಂದು ಮಧ್ಯಾಹ್ನ. ಚಾಪೆಯ ಮೇಲೆ ಮಲಗಿಸಿದ್ದರು. ಮನೆ ತುಂಬ ಜನ, ಬಂದವರೆಲ್ಲ ನನ್ನನ್ನು ಎಬ್ಬಿಸಿ ನೀರು ಕುಡಿಸಲು, ಒಳಗೆ ಕರೆದೊಯ್ಯಲು ನೋಡಿದರು. ವಿಮಲತ್ತೆ ಮಾತ್ರ, “ಅವಳನ್ನ ಬಿಡಿ, ಅವಳು ಅಲ್ಲೇ ಕೂರೋಳು” ಎಂದಳು. ಅಪ್ಪನನ್ನು ಕರೆದೊಯ್ಯುವವರೆಗೂ ನಾನು ಅವರ ಕಾಲಬುಡದಲ್ಲೇ ಕೂತಿದ್ದೆ, ಸದ್ದು ಮಾಡಲಿಲ್ಲ.